ಬಂಗಾರದ ಬಣ್ಣದ ಬರ

ಧಾರವಾಡ ಜಿಲ್ಲೆಯಲ್ಲಿ ಹವ್ಯಾಸಕ್ಕೆ ಕ್ಯಾಮೆರಾ ಹಿಡಿದು ತಿರುಗುವವರಿಗೆ ಒಂದು ಅನುಕೂಲವಿದೆ. ಒಂದೇ ಜಿಲ್ಲೆಯೊಳಗೆ ಎರಡು ನಾಡು ಸಿಗುತ್ತವೆ. ನವಲಗುಂದ, ಅಣ್ಣಿಗೇರಿ ಕಡೆ ಹೋದರೆ ಎರೆಭೂಮಿ. ಕಣ್ಣು ಹಾಯಿಸಿದಷ್ಟು ಬಯಲು, ಫೋಟೊದಲ್ಲಿ ಮುಕ್ಕಾಲು ಪಾಲು ಆಕಾಶವೇ. ಅಲ್ಲಿಯ ಬೆಣ್ಣೆಹಳ್ಳ ಪೂರ್ವಕ್ಕೆ ಹರಿದು ಮಲಪ್ರಭೆಯನ್ನು ಸೇರುತ್ತದೆ. ಕಲಘಟಗಿ ಕಡೆ ಬಂದರೆ ಬೇಡ್ತಿ ಪಶ್ಚಿಮಕ್ಕೆ ಹೊರಳಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಸಮುದ್ರಕ್ಕೆ ಹೋಗುತ್ತದೆ. ಭತ್ತ, ಗೋವಿನ ಜೋಳ, ಅದರಾಚೆ ಸಾಗವಾನಿ, ಮತ್ತಿ ಮರಗಳ ಕಾಡು. ನಮ್ಮ ಮಾಮಾನ ಊರು ತಂಬೂರ ಇರುವುದು ಈ ಕಡೆ. ಬಸವಣ್ಣನ ಗುಡಿ, ಕೆರೆ, ಹಿಂದೆ ದೇವಿಕೊಪ್ಪದ ಅಡವಿ. ಹುಬ್ಬಳ್ಳಿಯಲ್ಲಿ ನೌಕರಿ ಮಾಡುವ ನಾನು ರವಿವಾರ ಬಸ್ಸು ಹತ್ತಿದರೆ ಹೆಚ್ಚಾಗಿ ಇಳಿಯುವುದು ಇಲ್ಲೇ.

ಋತುಗಳನ್ನು ನಾನು ಓದಿದ್ದು ಪಠ್ಯಪುಸ್ತಕದಲ್ಲಿ, ಕಂಡದ್ದು ನೆರಳಿನಲ್ಲಿ. ನಮ್ಮ ಅಕ್ಷಾಂಶ ಸುಮಾರು 15 ಡಿಗ್ರಿ. ಹಾಗಾಗಿ ಮೇ ತಿಂಗಳ ಆರಂಭಕ್ಕೊಮ್ಮೆ, ಆಗಸ್ಟ್ ಎರಡನೇ ವಾರಕ್ಕೊಮ್ಮೆ ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ. ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಮೇ ತಿಂಗಳ ಆ ಬೆಳಕಿನಲ್ಲಿ ಏನು ತೆಗೆದರೂ ಚಪ್ಪಟೆ. ಡಿಸೆಂಬರಿನಲ್ಲಿ ಅದೇ ಸೂರ್ಯ ಮಧ್ಯಾಹ್ನವೂ 51, 52 ಡಿಗ್ರಿಗಿಂತ ಮೇಲೇರುವುದಿಲ್ಲ. ದಿನವಿಡೀ ಬೆಳಕು ಓರೆಯಾಗಿ ಬೀಳುತ್ತದೆ, ಕೊಯ್ದ ಭತ್ತದ ಕೂಳೆಗೂ ನೆರಳಿರುತ್ತದೆ. ಚಳಿಗಾಲದ ಫೋಟೊಗಳು ಚಂದ ಬರುವುದರಲ್ಲಿ ತೆಗೆಯುವವನ ಜಾಣತನಕ್ಕಿಂತ ಭೂಮಿಯ ಓರೆಯದೇ ಪಾಲು ಹೆಚ್ಚು.

ಶಿವರಾತ್ರಿಯ ಆಸುಪಾಸು ಮುತ್ತುಗ ಎಲೆ ಉದುರಿಸಿ ಬರೀ ಕೆಂಪಾಗಿ ನಿಲ್ಲುತ್ತದೆ. ಆಮೇಲೆ ಕಕ್ಕೆಯ ಹಳದಿ. ಮಿರಗದ ಮಳೆ ಬಿದ್ದ ಮರುದಿನ ಮಖಮಲ್ಲಿನಂಥ ಕೆಂಪು ಹುಳಗಳು ನೆಲದಿಂದ ಏಳುತ್ತವೆ. ಅವನ್ನು ತೆಗೆಯಬೇಕೆಂದರೆ ಹೊಟ್ಟೆಯ ಮೇಲೆ ಮಲಗಬೇಕು, ಅಂಗಿ ಹಾಳಾಗುತ್ತದೆ, ಅತ್ತಿ ಬೈಯುತ್ತಾಳೆ. ಗೀಜಗಗಳು ಗೂಡು ಹೆಣೆಯುವುದೂ ಮಳೆಗಾಲದಲ್ಲೇ. ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ದಂಡೆಯಲ್ಲಿ ಲೆನ್ಸುಗಳ ಸಂತೆ ಜೋರಾಗಿದೆ. ನನಗೆ ಸಂತೆ ಅಷ್ಟಾಗಿ ಸೇರುವುದಿಲ್ಲ.

ನಮ್ಮಲ್ಲಿ ಹವ್ಯಾಸಿಗಳಿಗೇನೂ ಕೊರತೆಯಿರಲಿಲ್ಲ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ತೇಜಸ್ವಿ ಹಕ್ಕಿಗಳ ಬೆನ್ನು ಬಿದ್ದರು. ಸಂಡೂರಿನ ಎಂ.ವೈ. ಘೋರ್ಪಡೆ ಮಂತ್ರಿಗಿರಿಯ ನಡುವೆಯೂ ಕಪ್ಪುಬಿಳುಪಿನಲ್ಲಿ ಕಾಡುಪ್ರಾಣಿಗಳನ್ನು ತೆಗೆದು, 1983ರಲ್ಲಿ ‘ಸನ್‌ಲೈಟ್ ಅಂಡ್ ಶಾಡೋಸ್’ ಪುಸ್ತಕ ತಂದರು. ಇಬ್ಬರ ಹೊಟ್ಟೆಪಾಡೂ ಫೋಟೊದಿಂದ ನಡೆಯುತ್ತಿರಲಿಲ್ಲ. ಆದರೆ ಇವತ್ತು ತಂಬೂರಿನಂಥ ಊರುಗಳಲ್ಲಿ ಹಂಗಾಮಿಗೊಮ್ಮೆ ತಪ್ಪದೆ ಫೋಟೊ ತೆಗೆಯುವವರು ಹವ್ಯಾಸಿಗಳಲ್ಲ, ರೈತರು. 2020ರಲ್ಲಿ ಸರ್ಕಾರ ಬೆಳೆ ಸಮೀಕ್ಷೆಯ ಆಪ್ ತಂದು, ರೈತರೇ ತಮ್ಮ ಬೆಳೆಯ ಚಿತ್ರ ಏರಿಸಬಹುದು ಎಂದಿತು. ಸರ್ವೆ ನಂಬರು ಹಾಕಬೇಕು, ಹೊಲದ ಗಡಿಯೊಳಗೇ ನಿಲ್ಲಬೇಕು, ಮೊಬೈಲಿನಲ್ಲಿ ಅಲ್ಲೇ ತೆಗೆಯಬೇಕು. ನನ್ನ ದೊಡ್ಡ ಕ್ಯಾಮೆರಾಕ್ಕೆ ಅಲ್ಲಿ ಕೆಲಸವಿಲ್ಲ. ಬೆಳಕು, ಕೋನ ಯಾವುದೂ ಲೆಕ್ಕಕ್ಕಿಲ್ಲ. ಇಲ್ಲಿ ಇಂಥ ಬೆಳೆ ಇದೆ, ಅಷ್ಟೇ. ಮಾಮಾನ ಆ ಚಿತ್ರಗಳಲ್ಲಿ ಒಂದು ಮೂಲೆಗೆ ಅವನ ಬೆರಳು ಇದ್ದೇ ಇರುತ್ತದೆ.

2023ರ ಆಗಸ್ಟ್ ದೇಶಕ್ಕೆಲ್ಲ ಒಣ ತಿಂಗಳು. 1901ರಿಂದ ಈಚೆಗೆ ಅಷ್ಟು ಕಡಿಮೆ ಮಳೆಯ ಆಗಸ್ಟ್ ಬಂದಿರಲಿಲ್ಲ. ಗೋವಿನ ಜೋಳ ಬಿತ್ತಿ ಎರಡು ತಿಂಗಳ ಹೊತ್ತಿಗೆ ಸೂಲಂಗಿ ಬಿಡುತ್ತದೆ, ತೆನೆಯ ತುದಿಗೆ ರೇಷ್ಮೆಯಂಥ ಕೂದಲು ಬರುತ್ತದೆ. ಕೂದಲಿನ ಒಂದೊಂದು ಎಳೆಗೂ ಪರಾಗ ತಾಗಿದರೆ ಒಂದೊಂದು ಕಾಳು. ಆ ಹತ್ತು ಹದಿನೈದು ದಿನ ನೀರಿಲ್ಲದಿದ್ದರೆ ಕೂದಲು ಒಣಗುತ್ತದೆ, ಕಾಳು ಕಟ್ಟುವುದಿಲ್ಲ. ಆಮೇಲೆ ಮಳೆ ಬಂದರೂ ದಂಟು ಹಸಿರಾಗಬಹುದೇ ಹೊರತು ತೆನೆ ತುಂಬುವುದಿಲ್ಲ.

ಆ ವರ್ಷ ದಸರೆಗೆ ಮೊದಲು ಹೋದಾಗ ಸಂಜೆ ಐದೂವರೆಯ ಬೆಳಕು. ಕೆರೆಯ ಕಡೆಯಿಂದ ಬಿಸಿಲು ಬಿದ್ದು ಇಡೀ ಹೊಲ ಬಂಗಾರದ ಬಣ್ಣ. ನನ್ನ ಕೈ ತಾನಾಗಿ ಕ್ಯಾಮೆರಾಕ್ಕೆ ಹೋಯಿತು. ಮಾಮಾ ಬದುವಿನ ಮೇಲೆ ಕೂತು ನೋಡುತ್ತಿದ್ದ. ಹಿಂದಿನ ಪರದೆಯಲ್ಲಿ ತೋರಿಸಿದೆ.

“ಅಳಿಯಾ, ಇದು ಹೋದ ವರ್ಷದ್ದೇನು?” ಅಂದ.

“ಇಲ್ಲ ಮಾಮಾ, ಈಗ ತಗದದ್ದು.”

“ಹೋದ ವರ್ಷ ಬೆಳದು ನಿಂತಾಗೂ ಹಿಂಗ ಕಾಣತಿತ್ತು.”

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ನಾನು ಫೋನಿನಲ್ಲಿ ಹಿಂದಿನ ಅಕ್ಟೋಬರಿನ ಚಿತ್ರ ಹುಡುಕಿ ಪಕ್ಕಕ್ಕಿಟ್ಟೆ. ದಂಟು ಒಂದಿಷ್ಟು ಎತ್ತರವಿತ್ತು ಎನ್ನುವುದನ್ನು ಬಿಟ್ಟರೆ ವ್ಯತ್ಯಾಸ ಹೇಳಲಾಗುತ್ತಿರಲಿಲ್ಲ. ಪಕ್ವವಾಗಿ ಒಣಗಿದ ಬೆಳೆಗೂ ಬಾಯಾರಿ ಒಣಗಿದ ಬೆಳೆಗೂ ಇಳಿಬಿಸಿಲು ಒಂದೇ ಬಣ್ಣ ಕೊಡುತ್ತದೆ. ನಾವು ಹವ್ಯಾಸಿಗಳು ಕಾದು ಕೂರುವುದು ಅದೇ ಬಿಸಿಲಿಗೆ.

ಮಾಮಾ ಎದ್ದು ಒಂದು ತೆನೆ ಮುರಿದ. ಸಿಪ್ಪೆ ಸುಲಿದು ಅಂಗೈ ಮೇಲಿಟ್ಟುಕೊಂಡು, “ತಗಿಯೂದಾದ್ರ ಇದನ್ನ ತಗಿ” ಅಂದ. ಬೆಂಡಿನ ಬುಡದಲ್ಲಿ ಅಲ್ಲಲ್ಲಿ ಕಾಳು, ಮೇಲೆಲ್ಲ ಬೋಳು. ಮಿರಗದ ಹುಳಕ್ಕೆಂದು ಕೊಂಡಿದ್ದ ಮ್ಯಾಕ್ರೊ ಲೆನ್ಸ್ ಹಾಕಿ ತೆಗೆದೆ. ಇಪ್ಪತ್ಮೂರು ಕಾಳುಗಳಿದ್ದವು, ಪರದೆಯ ಮೇಲೆ ದೊಡ್ಡದು ಮಾಡಿ ಇಬ್ಬರೂ ಎಣಿಸಿದೆವು. ತುಂಬಿದ ತೆನೆಯಲ್ಲಿ ಎಷ್ಟಿರುತ್ತವೆ ಎಂದು ಕೇಳಿದೆ. “ಅದನ್ನ ಯಾರು ಎಣಸ್ತಾರೋ” ಅಂದ.

ಅಲ್ಲಿಂದೀಚೆಗೆ ಪ್ರತಿ ಅಕ್ಟೋಬರಿಗೆ ಒಂದು ತೆನೆ ಸುಲಿಸಿ, ಅವನ ಅದೇ ಅಂಗೈ ಮೇಲಿಟ್ಟು, ಬದುವಿನ ಅದೇ ಜಾಗದಲ್ಲಿ ತೆಗೆಯುತ್ತೇನೆ. ಇಳಿಬಿಸಿಲಿಗೆ ಕಾಯುವುದಿಲ್ಲ, ಹನ್ನೊಂದು ಗಂಟೆಗೇ ಮುಗಿಸುತ್ತೇವೆ. ಮುಂದಿನ ವರ್ಷದ ತೆನೆ ತುಂಬಿತ್ತು. ಅದನ್ನೂ ಎಣಿಸೋಣವೆಂದು ಮಾಮಾನೇ ಕೂತ. ಮುನ್ನೂರು ದಾಟಿದ ಮೇಲೆ ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಹಚ್ಚಿಕೊಂಡ.