ಸಂಘದ ಚೆಂಡು

ಅಂಬ್ಲಿಗೊಳದಲ್ಲಿ ಹುಡುಗರಾದ ನಾವು ಕಟ್ಟಿಕೊಂಡಿದ್ದ ಆಟದ ಸಂಘಕ್ಕೆ ಆಸ್ತಿಯೆಂದು ಇದ್ದುದು ಮೂರೇ ವಸ್ತು: ಹರಿದ ವಾಲಿಬಾಲ್ ಬಲೆ, ಕಬಡ್ಡಿಯ ಗೆರೆ ಎಳೆಯಲು ಒಂದು ಡಬ್ಬ ಸುಣ್ಣ, ಮತ್ತು ಒಂದು ಕಾಲ್ಚೆಂಡು. ಮೊದಲೆರಡಕ್ಕೆ ಜಗಳವಿರಲಿಲ್ಲ. ಚೆಂಡಿನಿಂದ ಮಾತ್ರ ಸಂಘ ಒಡೆಯಿತು. ಒಡೆದವನು ನಾನೇ.

ಶಿಕಾರಿಪುರದಲ್ಲಿ ಪಂದ್ಯವಾಡಲು ಹನ್ನೊಂದು ಮಂದಿಯನ್ನು ಆರಿಸುವ ಅಧಿಕಾರ ಕಾರ್ಯದರ್ಶಿಯಾದ ನನ್ನದಾಗಿತ್ತು. ಚಿಕ್ಕಪ್ಪನ ಮಗ ದಿನವೂ ಎಲ್ಲರಿಗಿಂತ ಮೊದಲು ಬಂದು ಬಯಲಿನ ಕಲ್ಲು ಆಯುತ್ತಿದ್ದ. ಆಟ ಮಾತ್ರ ಅಷ್ಟಾಗಿ ಬಾರದು. ಅವನನ್ನು ಕೈಬಿಟ್ಟೆ.

“ಅಣ್ಣಾ, ಕಲ್ಲು ಆಯುವುದಕ್ಕೆ ನಾನು ಬೇಕು, ಆಡುವುದಕ್ಕೆ ಬೇಡವೇ?” ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಪಂದ್ಯವನ್ನೇನೋ ಸೋತು ಬಂದೆವು. ಅವನು ಮತ್ತೆ ಬಯಲಿಗೆ ಬರಲಿಲ್ಲ. ಅವನ ಹಿಂದೆ ಇನ್ನೂ ನಾಲ್ವರು ಬಿಟ್ಟರು.

ಆಗ ನನ್ನ ತಲೆಯ ತುಂಬ ಬೆಂಗಳೂರಿನ ಕೀರ್ತಿ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ರೋವರ್ಸ್ ಕಪ್ ಗೆದ್ದಿತ್ತು. ಆ ಕಪ್ಪನ್ನು ಭಾರತೀಯ ತಂಡವೊಂದು ಗೆದ್ದದ್ದು ಅದೇ ಮೊದಲು. 1938ರಲ್ಲಿ ಮತ್ತೆ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಭಾರತ 2-1ರಿಂದ ಸೋತರೂ ನಮ್ಮ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಇಂಥ ಕಥೆ ಕೇಳಿದವನಿಗೆ ಕಲ್ಲು ಆಯುವ ಹುಡುಗ ಕಣ್ಣಿಗೆ ಬೀಳುವುದುಂಟೆ?

ಎಷ್ಟೋ ವರ್ಷಗಳ ಮೇಲೆ ನಾರ್ವೆ ದೇಶದ ಸಂಗತಿ ಓದಿದೆ. ಅಲ್ಲಿಯ ಸಣ್ಣ ಊರುಗಳಲ್ಲಿ ‘ಇದ್ರೆಟ್ಸ್‌ಲಾಗ್’ ಎಂಬ ಒಂದೇ ಸಂಘದಲ್ಲಿ ಕಾಲ್ಚೆಂಡು, ಹ್ಯಾಂಡ್‌ಬಾಲ್, ಹಿಮದ ಮೇಲೆ ಜಾರುವ ಸ್ಕೀ ಎಲ್ಲವೂ ನಡೆಯುತ್ತವೆಯಂತೆ. ತಾಯಿತಂದೆಯರು ಕೂಲಿಯಿಲ್ಲದೆ ದುಡಿದು ಮೈದಾನ ಸರಿಪಡಿಸುತ್ತಾರೆ. ತಿಂಡಿ ಮಾರಿ ಹಣ ಕೂಡಿಸುತ್ತಾರೆ. ಆ ದುಡಿಮೆಗೆ ‘ದುಗ್ನಾಡ್’ ಎಂದು ಹೆಸರು. ಓದಿ ನಗು ಬಂತು. ನಮ್ಮ ಕಡೆಯ ಮುಯ್ಯಾಳು ಮತ್ತೇನು? ಇಂದು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ನಗು ಅಲ್ಲಿಯೇ ನಿಂತಿತು. ಮುಯ್ಯಿಗೆ ಬಂದವನನ್ನು ಊಟದ ಪಂಕ್ತಿಯಿಂದ ಎಬ್ಬಿಸುವ ರೈತನುಂಟೆ? ನಾನು ಎಬ್ಬಿಸಿದ್ದೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಸಂಜೆ ಬಯಲಿನ ಕಡೆ ನಡೆದೆ. ತಲೆ ನರೆತ ತಮ್ಮ ಮಕ್ಕಳನ್ನು ಸೇರಿಸಿಕೊಂಡು ಸುಣ್ಣದ ಗೆರೆ ಎಳೆಯುತ್ತಿದ್ದ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ; ಮಾತು ಹೊರಡಲಿಲ್ಲ. ಅವನೇ ಹೇಳಿದ:

“ಒಂದು ಕಡೆಗೆ ಆಳು ಕಡಿಮೆ. ನೀನೂ ಆಡಬಹುದು ಬಾ. ಆದರೆ ಮೊದಲು ಕಲ್ಲು ಆಯೋಣ, ಅಣ್ಣಾ.”

ಚಪ್ಪಲಿ ಕಳಚಿಟ್ಟು ಬಗ್ಗಿದೆ.