ಸಾಗರದ ದಂಡೆಯ ಮಾಳಗಿ ಮನೆ

ನಮ್ಮೂರಿಗೆ ಕಡಲಿಲ್ಲ. ಊರ ಪಕ್ಕದ ನೀರಿನ ಹೆಸರಿನಲ್ಲಿ ಮಾತ್ರ ಸಾಗರವಿದೆ. ನಾರಾಯಣಪುರದ ಬಳಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1982ರಲ್ಲಿ ಮುಗಿಯಿತು, ಅದು ಬಸವಸಾಗರ. ಗಾಳಿ ಎದ್ದ ದಿನ ಹಿನ್ನೀರಿನ ದಂಡೆಯಲ್ಲಿ ನಿಂತರೆ ಹೆಸರು ಸುಳ್ಳಲ್ಲ ಅನ್ನಿಸುತ್ತದೆ.

ಅಲ್ಲಿಂದ ಅರ್ಧ ಗಂಟೆ ನಡೆದರೆ ಅಜ್ಜನ ಮಾಳಗಿ ಮನೆ. ಅಜ್ಜ ಹೋದ ಮೇಲೆ ಆರು ವರ್ಷ ಬೀಗ ಬಿದ್ದಿತ್ತು. ಕಳೆದ ಬೇಸಿಗೆಯಲ್ಲಿ ಅಪ್ಪ ಅದನ್ನು ಕೆಡವಿ ಆರ್‌ಸಿಸಿ ಹಾಕಿಸಲು ಹೊರಟರು. ಪ್ರಬಂಧದ ಕೊನೆಯ ಅಧ್ಯಾಯ ಬರೆಯಲು ಊರಿಗೆ ಬಂದಿದ್ದ ನಾನು ಅಡ್ಡ ನಿಂತೆ. ಕಡಲ ದಂಡೆಯ ಹಳೆಯ ಕಟ್ಟಡಗಳನ್ನು ಸುಣ್ಣ, ಕಲ್ಲು, ಮರದಿಂದಲೇ ದುರಸ್ತಿ ಮಾಡಿ ಮನೆಯಾಗಿಸಿದ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದೆ. ಬಿಳಿ ಗೋಡೆ, ಒಂದು ಚಾಪೆ, ಒಂದು ಹೂಜಿ.

“ಇದಕ್ಕ ಮಿನಿಮಲಿಸಂ ಅಂತಾರ” ಎಂದೆ.

ಅವ್ವ ನೋಡಿ ನಕ್ಕಳು. “ನಾ ಮದಿವಿ ಆಗಿ ಬಂದಾಗ ಈ ಮನ್ಯಾಗ ಇಷ್ಟ ಇತ್ತು. ಒಂದು ಚಾಪಿ, ಎರಡು ಕೊಡ. ಆಗ ಯಾರೂ ಫೋಟೊ ಹೊಡೀಲಿಲ್ಲ.”

ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಅಪ್ಪ ಮಾತ್ರ ಒಂದು ಅವಕಾಶ ಕೊಟ್ಟರು: “ಒಂದು ಮಳಿಗಾಲ ನೋಡೂಣು. ಸೋರಿದ್ರ ಜೆಸಿಬಿ.”

ಗೌಂಡಿ ಅಜ್ಜ ಮೊದಲು ಕೆತ್ತಿಸಿದ್ದು ಗೋಡೆಯ ಸಿಮೆಂಟನ್ನು. ಮಣ್ಣಿನ ಕೆಸರಿನಲ್ಲಿ ಕಟ್ಟಿದ ಕಲ್ಲುಗೋಡೆ ತೇವ ಹೀರುತ್ತದೆ, ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ತಡೆದು ಗೋಡೆಯ ಬುಡ ಕೊಳೆಸಿತ್ತು. ಅಲ್ಲಿಗೆ ಸುಣ್ಣದ ಗಾರೆ ಬಂತು. ನೆಲದ ಶಹಾಬಾದಿ ಪರಸಿಗಳನ್ನು ಎಬ್ಬಿಸಿ, ತಿರುಗಿ ಕೂರಿಸಿದೆವು.

ಮಾಳಗಿಯ ಮೇಲೆ ಬೇವಿನ ತೊಲೆ, ಜಂತಿ, ತಪ್ಪಲು. ಅದರ ಮೇಲೆ ಸವುಳು ಮಣ್ಣು. ಸೋಡಿಯಂ ಹೆಚ್ಚಿರುವ ಈ ಜೇಡಿಗೆ ನೀರು ಬಿದ್ದರೆ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ, ನೀರು ಕೆಳಗಿಳಿಯುವುದಿಲ್ಲ. ಮಣ್ಣು ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಅಜ್ಜ ಜೋಳ ಬಿತ್ತುತ್ತಿದ್ದ ನಮ್ಮದೇ ಹೊಲದ ತಗ್ಗಿನ ಮೂಲೆ, ಕಾಲುವೆ ಬಂದು ಭತ್ತ ಹಚ್ಚಿದ ಮೇಲೆ ನೀರು ನಿಂತು ನಿಂತು ಸವುಳಾಗಿತ್ತು. ಬೆಳೆಯನ್ನು ಸಾಯಿಸುವ ಗುಣವೇ ಮಾಳಗಿಗೆ ಬೇಕಾದ ಗುಣ. ಬುಟ್ಟಿ ತುಂಬುವಾಗ ಅಪ್ಪ ಒಂದು ಮಾತೂ ಆಡಲಿಲ್ಲ.

ಶ್ರಾವಣದ ಒಂದು ರಾತ್ರಿ ಮೂಲೆ ಸೋರಿತು. ನನ್ನ ಟಿಪ್ಪಣಿ ಪುಸ್ತಕಗಳು ತೊಯ್ದವು. ತಪ್ಪು ನನ್ನದೇ. ಅಲ್ಲಿನ ತೊಲೆ ಹಳೆಯದೆಂದು ಭಾರ ಕಡಿಮೆ ಮಾಡಲು, ಗೌಂಡಿಯನ್ನು ಕೇಳದೆ ಮಣ್ಣು ತೆಳುವಾಗಿ ಹಾಕಿಸಿದ್ದೆ. ಮಣ್ಣಿನ ಮನೆ ಕುಸಿದು ಜನ ಸತ್ತ ಸುದ್ದಿ ಪ್ರತಿ ಮಳೆಗಾಲವೂ ಪತ್ರಿಕೆಯಲ್ಲಿ ಓದುವ ನಾವು ಆ ರಾತ್ರಿ ಒಳಗೆ ಮಲಗಲಿಲ್ಲ. ಮಳೆ ನಿಂತೊಡನೆ ಅಪ್ಪ ಬ್ಯಾಟರಿ ಹಿಡಿದು ಮಾಳಗಿ ಹತ್ತಿದರು. ನಾನು ಕೆಳಗಿನಿಂದ ಬುಟ್ಟಿ ಕೊಟ್ಟೆ.

ಬೆಳಿಗ್ಗೆ ಅವರು ಜೆಸಿಬಿಯ ಮಾತೆತ್ತಲಿಲ್ಲ. ಚಹಾ ಕುಡಿಯುತ್ತ, “ವರ್ಷಾ ಮಳಿಗಿ ಮುಂಚೆ ಮಣ್ಣು ಹಾಕಬೇಕು. ನೀ ನೌಕರಿ ಅಂತ ಹೋದ ಮ್ಯಾಲ ಯಾರು ಹಾಕ್ತಾರ?” ಎಂದರು.

ಚಿತ್ರಗಳಲ್ಲಿ ಈ ಪ್ರಶ್ನೆ ಇರಲಿಲ್ಲ. ಮಿರಗದ ಮಳೆಗೆ ಮುಂಚೆ ಪ್ರತಿ ವರ್ಷ ಬರುತ್ತೇನೆ ಎಂದೆ. ಅಪ್ಪ ನಂಬಿದರೋ ಇಲ್ಲವೋ. ಹೊಸ ಕ್ಯಾಲೆಂಡರ್ ಬಂದ ದಿನ ಮಾತ್ರ ಜೂನ್ 1ರ ಸುತ್ತ ಪೆನ್ನಿನಿಂದ ಗುಂಡು ಗೆರೆ ಎಳೆದಿಟ್ಟಿದ್ದಾರೆ.