ಹದಿನೈದು ಚುಕ್ಕಿ, ಎಂಟರವರೆಗೆ

ಬೆಂಗಳೂರಿನ ಹನುಮಂತನಗರದಲ್ಲಿ ಸಮತಟ್ಟಾದ ರಸ್ತೆ ಕಡಿಮೆ. ಒಂದು ಕಡೆ ರಾಮಾಂಜನೇಯ ಗುಡ್ಡ, ಇನ್ನೊಂದು ಕಡೆ ಕುಮಾರಸ್ವಾಮಿ ದೇವಸ್ಥಾನದ ಗುಡ್ಡ. ನಾವಿದ್ದ ಅಡ್ಡರಸ್ತೆಯೂ ಇಳಿಜಾರೇ. ಮೇಲಿನ ಮನೆಯವರು ಬಾಗಿಲಿಗೆ ನೀರು ಹಾಕಿದರೆ ಕೆಳಗಿನ ಮನೆಯ ರಂಗೋಲಿ ಕೊಚ್ಚಿಹೋಗುತ್ತಿತ್ತು. ಹಾಗಾಗಿ ಧನುರ್ಮಾಸದ ಕತ್ತಲಲ್ಲಿ, ಹುಗ್ಗಿಗೆ ಹೆಸರುಬೇಳೆ ಹುರಿಯುವ ವಾಸನೆ ಬೀದಿಗೆ ಬರುವ ಹೊತ್ತಿಗೆ, ಯಾರೂ ಹೇಳಿಕೊಡದ ಒಂದು ಪಾಳಿ ನಡೆಯುತ್ತಿತ್ತು: ಮೇಲಿನಿಂದ ಒಂದೊಂದೇ ಮನೆಯವರು ನೀರು ಹಾಕಿ ಗುಡಿಸುತ್ತ ಬರುವುದು, ಕಟ್ಟಕಡೆಯ ಮನೆಯದೂ ಮುಗಿದ ಮೇಲೆ ಎಲ್ಲರೂ ಚುಕ್ಕಿ ಇಡುವುದು.

ಮೂಲೆಮನೆ ಅಜ್ಜಿಯ ಕೈ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೆಬ್ಬೆರಳು, ತೋರುಬೆರಳ ಸಂದಿಯಿಂದ ಪುಡಿ ಉದುರುವಾಗ ಬೆರಳು ಅಲುಗಿದ್ದೇ ತಿಳಿಯುತ್ತಿರಲಿಲ್ಲ. ಮುಂಗೈ ಸಾಗಿದಂತೆಲ್ಲ ನೆಲದ ಮೇಲೆ ದಾರ ಹಾಸಿದ ಹಾಗೆ ಎಳೆ ಬೀಳುತ್ತಿತ್ತು. “ನೆಲಾನ ಮುಟ್ಟಬೇಡ ಮಗಾ, ಪುಡಿ ತಾನಾಗೇ ಬೀಳತ್ತೆ” ಅನ್ನುತ್ತಿದ್ದರು. ನನ್ನ ಎಳೆ ದಪ್ಪಗಾದರೆ ಅಳಿಸದೆ, ಪಕ್ಕದಲ್ಲಿ ಇನ್ನೊಂದು ಎಳೆದು ಅದನ್ನೇ ಬಳ್ಳಿ ಮಾಡಿಬಿಡುತ್ತಿದ್ದರು. ಅದಕ್ಕಿಂತ ಒಳ್ಳೆಯ ಪಾಠ ನನಗೆ ಯಾವ ತರಗತಿಯಲ್ಲೂ ಸಿಗಲಿಲ್ಲ.

1989ರ ಡಿಸೆಂಬರ್ 31ರ ರಾತ್ರಿ. ಪ್ರತಿ ವರ್ಷದಂತೆ ಬೀದಿಯ ಹುಡುಗರು ಸುಣ್ಣ ಕಲಸಿಕೊಂಡು ರಸ್ತೆಗೆ ಅಡ್ಡಲಾಗಿ ‘ಹ್ಯಾಪಿ ನ್ಯೂ ಇಯರ್’ ಬರೆಯಲು ಶುರು ಮಾಡಿದ್ದರು. ಅಜ್ಜಿ ಶಾಲು ಹೊದ್ದು ಹೊರಗೆ ಬಂದರು. “ಬರೀ ಅಕ್ಷರ ಬರೆದ್ರೆ ಏನ್ ಚೆಂದ್ರೋ? ಮಧ್ಯ ಜಾಗ ಬಿಡಿ, ನಾನೊಂದು ಹಾಕ್ತೀನಿ.”

15 ಚುಕ್ಕಿ, 8ರವರೆಗೆ, ಸಂದು ಚುಕ್ಕಿ. ನಡುಸಾಲಿನಲ್ಲಿ 15, ಎರಡೂ ಬದಿಗೆ ಒಂದೊಂದೇ ಕಡಿಮೆಯಾಗುತ್ತ 8ಕ್ಕೆ ನಿಲ್ಲುವ ಲೆಕ್ಕ, ಒಟ್ಟು 169. ಮನೆಮುಂದೆ ಹಾಕುವಾಗ ಚುಕ್ಕಿಯಿಂದ ಚುಕ್ಕಿಗೆ ಎರಡು ಬೆರಳು ಅಂತರ. ಅಜ್ಜಿ ಅಂದು ಗೇಣಿಗೊಂದು ಇಟ್ಟರು. ನಡುಸಾಲೇ 10 ಅಡಿ ದಾಟಿತು. ಅಷ್ಟು ಪುಡಿ ಯಾರ ಮನೆಯ ಡಬ್ಬಿಯಲ್ಲಿತ್ತು? ಒಂದೊಂದೇ ಬಾಗಿಲು ತೆರೆಯಿತು. ಯಾರೋ ರಂಗೋಲಿ ಡಬ್ಬಿ ತಂದರು, ಯಾರೋ ಬಣ್ಣ ಹೆಚ್ಚಿಸಲು ಪುಡಿಯುಪ್ಪು. ಬಟ್ಟೆಗೆ ಹಾಕುವ ನೀಲಿ ಬಿಳಿ ಪುಡಿಯ ಜೊತೆ ಸೇರಿ ಆಕಾಶದ ಬಣ್ಣವಾಯಿತು. ಕಟ್ಟುತ್ತಿದ್ದ ಮನೆಯ ಮುಂದಿನ ಒಡೆದ ಇಟ್ಟಿಗೆಯನ್ನು ಹುಡುಗರು ಕುಟ್ಟಿ ಜರಡಿ ಹಿಡಿದರು. ಕಪ್ಪಿಗೆ ಏನು ಮಾಡುವುದು ಅಂದಾಗ ಇಸ್ತ್ರಿ ಅಂಗಡಿಯವರು ತಮ್ಮ ಪೆಟ್ಟಿಗೆಯಿಂದ ಆರಿದ ಇದ್ದಿಲು ತೆಗೆದುಕೊಟ್ಟರು. ಆ ಇದ್ದಿಲಿನಿಂದಲೇ ರಂಗೋಲಿಯ ನವಿಲಿಗೆ ಕಣ್ಣು ಮೂಡಿತು.

ಅಷ್ಟರಲ್ಲಿ ಕರೆಂಟು ಹೋಯಿತು. ಒಬ್ಬರು ತಮ್ಮ ಬಜಾಜ್ ಸ್ಕೂಟರು ಸ್ಟಾರ್ಟ್ ಮಾಡಿ ಹೆಡ್‌ಲೈಟು ಬಿಟ್ಟರು. ನೆಲಮಟ್ಟದಲ್ಲಿ ಬಂದ ಆ ಬೆಳಕಿನಲ್ಲಿ ಪ್ರತಿ ಎಳೆಗೂ ಒಂದು ಸಣ್ಣ ನೆರಳು. ಹಗಲು ಹೊತ್ತಿನಲ್ಲಿ ನೋಡಿದ ಯಾವ ರಂಗೋಲಿಗೂ ಆ ಉಬ್ಬು ಇರಲಿಲ್ಲ. ಬಾಡಿಗೆಮನೆಯವರು, ಮಾತುಬಿಟ್ಟಿದ್ದ ಅಕ್ಕಪಕ್ಕದವರು, ನೈಟ್ ಶಿಫ್ಟ್‌ನಿಂದ ಬಂದವರು, ಎಲ್ಲರೂ ಕುಕ್ಕರಗಾಲಲ್ಲಿ ಕೂತು ಬಣ್ಣ ತುಂಬಿದರು. 12 ಗಂಟೆ ಯಾವಾಗ ಹೊಡೆಯಿತೋ ನಮಗೆ ಗೊತ್ತಾಗಲಿಲ್ಲ.

2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆ ಮಲಗಿಸಿದ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದಾಗ ನನಗೆ ಮೊದಲು ನೆನಪಾದದ್ದು ಆ ರಾತ್ರಿ. ನಡೆದಾಡುವ ರಸ್ತೆಯನ್ನೇ ಹಾಳೆ ಮಾಡಿಕೊಳ್ಳುವ ಧೈರ್ಯ ನಮ್ಮ ಊರಿಗೆ ಹೊಸತಲ್ಲ.

ಆ ರಾತ್ರಿ ಕಳೆದು ಬೆಳಗಿನ ಜಾವ ಗುಡ್ಡದ ಕಡೆಯಿಂದ ಸುಪ್ರಭಾತ ಕೇಳಿಸಿತು. ಹಾಲಿನವನು ಸೈಕಲ್ ಇಳಿದು, ಚರಂಡಿಯ ಕಲ್ಲಿನ ಮೇಲೆ ತಳ್ಳಿಕೊಂಡು ಹೋದ. ಆಟೋದವರೊಬ್ಬರು ತಿರುವಿನಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿ, ಹಿಂದಕ್ಕೆ ತೆಗೆದುಕೊಂಡರು. ಮೇಲಿನ ಮನೆಯ ಆಂಟಿ ಎಂದಿನಂತೆ ಬಕೆಟ್ ಹಿಡಿದು ಬಾಗಿಲಿಗೆ ಬಂದವರು, ಇಳಿಜಾರಿನುದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿ ಬಕೆಟ್ ಕೆಳಗಿಟ್ಟರು. ಬೊಗಸೆಯಲ್ಲಿ ಒಂದಿಷ್ಟು ನೀರು ತೆಗೆದು ಹೊಸಿಲ ಮುಂದೆ ಚಿಮುಕಿಸಿ ಒಳಗೆ ಹೋದರು.